ಶ್ರೀ ಜಯತೀರ್ಥರು ಕಲಿಸಿದ ವಿಚಾರಕ್ರಮ

ಆಷಾಢ ಮಾಸದ ಕೃಷ್ಣಪಕ್ಷದ ಪಂಚಮಿಯು ಶ್ರೀಮಜ್ಜಯತೀರ್ಥ ಶ್ರೀಪಾದಂಗಳವರ ಆರಾಧನೆಯ ಪುಣ್ಯದಿನ. ಶ್ರೀಮದಾಚಾರ್ಯರ ಗ್ರಂಥಗಳಿಗೆ ಟೀಕೆಗಳನ್ನು ರಚಿಸಿ ಟೀಕಾಚಾರ್ಯರೆಂದೂ ಟೀಕಾರಾಯರೆಂದೂ ಪ್ರಸಿದ್ಧರಾದ ಈ ಮಹಾನುಭಾವರನ್ನು ಮುಂಬಯಿಯ ಮಳೆಗಾಲದ ನಡುವೆ ನಾವು ಪ್ರತಿವರ್ಷವೂ ಸ್ಮರಿಸುತ್ತೇವೆ. ಅಂದು ಪಾದಪೂಜೆ, ಅಲಂಕಾರ, ತೀರ್ಥಪ್ರಸಾದಗಳು ಕ್ರಮವಾಗಿ ನಡೆಯುತ್ತವೆ. ಆದರೆ ಅವರು ನಮಗೆ ಬಿಟ್ಟುಹೋದ ಮುಖ್ಯ ಸಂಪತ್ತು ವಿಚಾರ ಮಾಡುವ ಕ್ರಮ. ಆ ಕ್ರಮವು ವಿದ್ವಾಂಸರ ಸಭೆಗೆ ಮಾತ್ರ ಸೇರಿದ್ದೆಂದು ಭಾವಿಸಿ ನಾವು ದೂರ ನಿಂತಿದ್ದೇವೆ.

ಉಡುಪಿ, ಮಂಗಳೂರು, ವಿಜಯಪುರ, ಕಲಬುರಗಿ, ಧಾರವಾಡಗಳ ಕಡೆಯಿಂದ ಬಂದು ಗ್ರಾಂಟ್ ರೋಡು, ಗಾಂವ್‌ದೇವಿ, ತಾಡದೇವ್ ಮೊದಲಾದೆಡೆಗಳಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆಮತ್ತೆ ಏಳುತ್ತದೆ. ಊರಿನಲ್ಲಿದ್ದಾಗ ಆಚಾರವನ್ನು ನೋಡಿಯೇ ಕಲಿಯುತ್ತಿದ್ದೆವು. ಯಾಕೆ ಎಂದು ಕೇಳುವ ಪ್ರಸಂಗವೇ ಕಡಿಮೆ. ಇಲ್ಲಿ ಬೆಳೆದ ಮಕ್ಕಳು ಶಾಲೆಯಲ್ಲಿ ಪ್ರತಿಯೊಂದಕ್ಕೂ ಕಾರಣ ಕೇಳಲು ಕಲಿಯುತ್ತಾರೆ. ಮನೆಗೆ ಬಂದು ಅದೇ ರೀತಿಯಲ್ಲಿ ಏಕಾದಶಿಗೂ ಕಾರಣ ಕೇಳುತ್ತಾರೆ. ಆಗ ಹಿರಿಯರು ಗದರುವುದುಂಟು, ಇಲ್ಲವೆ ತೋಚಿದ ಕಾರಣವೊಂದನ್ನು ಹೇಳಿ ಪಾರಾಗುವುದುಂಟು. ಗದರಿಸಲ್ಪಟ್ಟ ಮಗು ಮುಂದೆ ಕೇಳುವುದನ್ನೇ ಬಿಡುತ್ತದೆ. ದುರ್ಬಲವಾದ ಕಾರಣವನ್ನು ಕೇಳಿದ ಮಗು ದೊಡ್ಡದಾದ ಮೇಲೆ ಅದರ ದೌರ್ಬಲ್ಯವನ್ನು ಕಂಡು ಆಚಾರವನ್ನೂ ಬಿಡುತ್ತದೆ. ಈ ಎರಡು ನಷ್ಟಗಳಿಂದ ಪಾರಾಗುವ ದಾರಿ ಟೀಕಾರಾಯರ ಚರಿತ್ರೆಯಲ್ಲಿಯೂ ಗ್ರಂಥಗಳಲ್ಲಿಯೂ ಇದೆ.

ಶ್ರೀ ಜಯತೀರ್ಥರು ಹದಿನಾಲ್ಕನೆಯ ಶತಮಾನದವರು. ಅವರ ಪೀಠಕಾಲ ಸುಮಾರು 1365ರಿಂದ 1388ರವರೆಗೆ ಎಂದು ವಿದ್ವಾಂಸರು ಗಣಿಸಿದ್ದಾರೆ. ಅದು ದಕ್ಷಿಣಾಪಥದಲ್ಲಿ ಬಹುದೊಡ್ಡ ಬದಲಾವಣೆಗಳ ಕಾಲ. ತುಂಗಭದ್ರೆಯ ದಡದಲ್ಲಿ 1336ರಲ್ಲಿ ವಿಜಯನಗರವು ತಲೆಯೆತ್ತಿತ್ತು. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪನೆಯಾಗಿ ಕಲಬುರಗಿಯು ಅದರ ರಾಜಧಾನಿಯಾಗಿತ್ತು. ಸಂಪ್ರದಾಯದ ಪ್ರಕಾರ ಅವರ ಜನ್ಮಸ್ಥಳ ಮಂಗಳವೇಢೆ. ಈಗ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿ, ಪಂಢರಪುರಕ್ಕೆ ಸಮೀಪದಲ್ಲಿರುವ ಈ ಊರು ಒಂದು ಕಾಲದಲ್ಲಿ ಕಳಚುರಿ ಅರಸರ ನೆಲೆಯಾಗಿತ್ತು. ಕನ್ನಡ ಮರಾಠಿಗಳೆರಡೂ ಬೆರೆತ ಆ ನಾಡಿನಲ್ಲಿ ಹುಟ್ಟಿದ ಮಹಾತ್ಮರು ಮುಂಬಯಿಯ ಕನ್ನಡಿಗರಿಗೆ ಹೊರಗಿನವರಲ್ಲ.

ಅವರ ಪೂರ್ವಾಶ್ರಮದ ಹೆಸರು ಧೋಂಡೋಪಂತ, ತಂದೆ ರಘುನಾಥ. ಮನೆತನವು ಅಧಿಕಾರವೂ ಸಂಪತ್ತೂ ಉಳ್ಳದ್ದು. ಕುದುರೆ ಸವಾರಿ, ಆಯುಧವಿದ್ಯೆಗಳಲ್ಲಿ ಬೆಳೆದ ತರುಣನಿಗೆ ವಿವಾಹವೂ ಆಗಿತ್ತು. ಒಂದು ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಬಾಯಾರಿ ಆತನು ನದಿಗೆ ಬಂದನು. ಕುದುರೆಯಿಂದ ಇಳಿಯದೆ, ಕೈಯಿಂದ ನೀರನ್ನು ಮೊಗೆಯದೆ, ಕುದುರೆಯ ಮೇಲಿನಿಂದಲೇ ಬಾಗಿ ಬಾಯಿಟ್ಟು ನೀರು ಕುಡಿದನು. ದಡದಲ್ಲಿದ್ದ ಶ್ರೀ ಅಕ್ಷೋಭ್ಯತೀರ್ಥರು ಅದನ್ನು ನೋಡಿದರು. ಶ್ರೀಮದಾಚಾರ್ಯರಿಂದಲೇ ಸಂನ್ಯಾಸವನ್ನು ಪಡೆದಿದ್ದ ಆ ಯತಿಗಳು ತರುಣನನ್ನು ಕರೆದು, ಹಿಂದೆ ಪಶುವಾಗಿದ್ದೆಯೇನು ಎಂಬ ಅರ್ಥ ಬರುವಂತೆ ವಿಚಾರಿಸಿದರು. ಆ ಮಾತು ತರುಣನ ಒಳಗನ್ನು ಕಲಕಿತು. ಆಚಾರ್ಯರ ಗ್ರಂಥಗಳ ಹೊರೆಯನ್ನು ಹೊತ್ತು ಅವರ ಹಿಂದೆ ನಡೆದ ಎತ್ತಿನ ಜನ್ಮವು ಸ್ಮರಣೆಗೆ ಬಂದು, ವೈರಾಗ್ಯವು ಮೂಡಿತೆಂದು ಸಂಪ್ರದಾಯವು ಹೇಳುತ್ತದೆ. ಆತನು ಅಲ್ಲಿಯೇ ಶಿಷ್ಯತ್ವವನ್ನು ಬೇಡಿ ತುರ್ಯಾಶ್ರಮವನ್ನು ಸ್ವೀಕರಿಸಿದನು.

ತಂದೆಗೆ ಇದು ಸಹಿಸಲಾರದ ಆಘಾತವಾಯಿತು. ಅವರು ಮಗನನ್ನು ಮನೆಗೆ ಕರೆತಂದು ಸಂಸಾರದಲ್ಲಿ ನಿಲ್ಲಿಸಲು ಯತ್ನಿಸಿದರು. ಪತ್ನಿಗೆ ಅವರ ಸ್ಥಾನದಲ್ಲಿ ಮಹಾಸರ್ಪವು ಗೋಚರಿಸಿತೆಂದೂ, ಇವರು ಸಾಮಾನ್ಯರಲ್ಲವೆಂದು ತಿಳಿದು ತಂದೆಯೇ ಗುರುಗಳ ಬಳಿಗೆ ಮರಳಿ ಕಳುಹಿಸಿದರೆಂದೂ ಚರಿತ್ರೆಕಾರರು ವರ್ಣಿಸುತ್ತಾರೆ. ಅಕ್ಷೋಭ್ಯತೀರ್ಥರ ಬಳಿ ಶಾಸ್ತ್ರಾಧ್ಯಯನ ಮಾಡಿದ ಶ್ರೀ ಜಯತೀರ್ಥರು, ಪದ್ಮನಾಭತೀರ್ಥ, ನರಹರಿತೀರ್ಥ, ಮಾಧವತೀರ್ಥ, ಅಕ್ಷೋಭ್ಯತೀರ್ಥರ ನಂತರ ಆಚಾರ್ಯರ ಪೀಠವನ್ನು ಅಲಂಕರಿಸಿದರು.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಮೇಲಿನ ವೃತ್ತಾಂತವು ನಮಗೆ ತಿಳಿದಿರುವುದು ಗುರುಪರಂಪರೆಯ ಮಾತಿನಿಂದ ಮತ್ತು ಅವರನ್ನು ಕುರಿತ ವಿಜಯಕಾವ್ಯಗಳಿಂದ. ಅವರ ಬುದ್ಧಿವೈಭವವು ತಿಳಿದಿರುವುದಾದರೋ ಇಂದಿಗೂ ನಮ್ಮ ಕೈಯಲ್ಲಿರುವ ಅವರ ಗ್ರಂಥಗಳಿಂದ. ಯಾವ ಸಂಗತಿ ಯಾವ ಮೂಲದಿಂದ ತಿಳಿಯಿತೆಂದು ಬೇರ್ಪಡಿಸಿ ಇಟ್ಟುಕೊಳ್ಳುವುದು ಭಕ್ತಿಗೆ ಕುಂದಲ್ಲ. ಅದು ಟೀಕಾರಾಯರೇ ಕಲಿಸಿದ ಮೊದಲ ಪಾಠ.

ಯಾದಗಿರಿಗೆ ಸಮೀಪದ ಯರಗೋಳದ ಗುಹೆಯಲ್ಲಿ ಕುಳಿತು ಅವರು ಟೀಕೆಗಳನ್ನು ರಚಿಸಿದರೆಂದು ಪ್ರತೀತಿಯಿದೆ. ಆಚಾರ್ಯರ ವಾಕ್ಯಗಳು ಅತಿ ಸಂಕ್ಷಿಪ್ತ. ಒಂದೊಂದು ಪದದ ಹಿಂದೆಯೂ ಒಂದೊಂದು ವಾದವು ಅಡಗಿರುತ್ತದೆ. ಪದ್ಮನಾಭತೀರ್ಥರೇ ಮೊದಲಾದ ಹಿರಿಯರು ಆಗಲೇ ಟೀಕೆಗಳನ್ನು ಬರೆದಿದ್ದರು. ಆದರೂ ಅನ್ಯಮತದ ಪಂಡಿತರು ಎತ್ತಿದ ಆಕ್ಷೇಪಗಳಿಗೆಲ್ಲ ಸಮಾಧಾನ ಹೇಳಿ, ವಿದ್ಯಾರ್ಥಿಗೂ ನಿಲುಕುವಂತೆ ಬಿಡಿಸಿಡುವ ಕಾರ್ಯವು ಉಳಿದಿತ್ತು. ಬ್ರಹ್ಮಸೂತ್ರಭಾಷ್ಯಕ್ಕೆ ತತ್ತ್ವಪ್ರಕಾಶಿಕೆ, ಅನುವ್ಯಾಖ್ಯಾನಕ್ಕೆ ನ್ಯಾಯಸುಧೆ, ಗೀತಾಭಾಷ್ಯಕ್ಕೆ ಪ್ರಮೇಯದೀಪಿಕೆ, ಪ್ರಮಾಣಲಕ್ಷಣಕ್ಕೆ ನ್ಯಾಯಕಲ್ಪಲತೆ ಹೀಗೆ ಟೀಕೆಗಳು ಹರಿದುಬಂದವು. ವಾದಾವಳಿ ಮತ್ತು ಪ್ರಮಾಣಪದ್ಧತಿಗಳು ಅವರ ಸ್ವತಂತ್ರ ಕೃತಿಗಳು. ಇವುಗಳಲ್ಲಿ ಗೃಹಸ್ಥರಾದ ನಮಗೆ ಮೊದಲು ಬೇಕಾದದ್ದು ಪ್ರಮಾಣಪದ್ಧತಿ. ಸರಿಯಾದ ತಿಳಿವು ಯಾವುದು, ಅದು ಯಾವ ಬಾಗಿಲಿನಿಂದ ಬರುತ್ತದೆ, ಅದರಲ್ಲಿ ದೋಷ ಹೇಗೆ ನುಸುಳುತ್ತದೆ ಎಂಬ ಪ್ರಶ್ನೆಗಳಿಗೆ ಈ ಚಿಕ್ಕ ಗ್ರಂಥವು ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪರಿಚ್ಛೇದಗಳಲ್ಲಿ ಉತ್ತರ ಕೊಡುತ್ತದೆ.

ವಸ್ತುವು ಇರುವಂತೆ ಅದನ್ನು ವಿಷಯೀಕರಿಸುವುದೇ ಪ್ರಮಾಣ. ಯಥಾರ್ಥವಾದ ಜ್ಞಾನವೇ ಕೇವಲಪ್ರಮಾಣ. ಅಂತಹ ಜ್ಞಾನಕ್ಕೆ ಸಾಧನವಾದದ್ದು ಅನುಪ್ರಮಾಣ. ಆ ಸಾಧನಗಳು ಮೂರೇ. ದೋಷವಿಲ್ಲದ ಇಂದ್ರಿಯಕ್ಕೂ ದೋಷವಿಲ್ಲದ ವಿಷಯಕ್ಕೂ ಆಗುವ ಸಂಬಂಧ ಪ್ರತ್ಯಕ್ಷ. ದೋಷವಿಲ್ಲದ ಯುಕ್ತಿ ಅನುಮಾನ. ದೋಷವಿಲ್ಲದ ಶಬ್ದ ಆಗಮ. ದೋಷವಿಲ್ಲದ ಎಂಬ ವಿಶೇಷಣವು ಮೂರರಲ್ಲಿಯೂ ಇದೆ. ಪ್ರಮಾಣವಿಚಾರದ ತಿರುಳೆಲ್ಲ ಈ ಒಂದು ವಿಶೇಷಣದಲ್ಲಿದೆಯೆಂದರೆ ತಪ್ಪಾಗದು.

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಅಂಧೇರಿಯ ಕಡೆಯ ಗಾಡಿಗಾಗಿ ಕಾದು ನಿಂತವರಿಗೆ ಈ ಮೂರೂ ದಿನನಿತ್ಯದ ಅನುಭವ. ಗಾಡಿ ಬಂದು ನಿಂತದ್ದನ್ನು ಕಾಣುವುದು ಪ್ರತ್ಯಕ್ಷ; ಆದರೆ ಕಣ್ಣು ಮಂಜಾಗಿದ್ದರೆ ದೂರದ ಫಲಕದ ಅಕ್ಷರ ಬೇರೆಯಾಗಿ ಕಾಣಬಹುದು. ಧ್ವನಿವರ್ಧಕದ ಘೋಷಣೆಯಿಂದ ತಿಳಿಯುವುದು ಶಬ್ದದಿಂದ ಬಂದ ತಿಳಿವು; ಹೇಳುವವನಿಗೆ ನಿಜ ಗೊತ್ತಿರಬೇಕು, ಇದ್ದಂತೆಯೇ ಹೇಳಬೇಕು. ಪ್ಲಾಟ್‌ಫಾರ್ಮಿನಲ್ಲಿ ಜನಸಂದಣಿ ನಿಮಿಷ ನಿಮಿಷಕ್ಕೂ ಏರುತ್ತಿರುವುದನ್ನು ಕಂಡು ಗಾಡಿಗಳು ಹಿಂದೆಲ್ಲಿಯೋ ನಿಂತಿವೆಯೆಂದು ತಿಳಿಯುವುದು ಅನುಮಾನ. ಅಂದು ಗಣೇಶೋತ್ಸವವಾಗಿದ್ದು ಸಂದಣಿ ಅದರಿಂದಲೇ ಏರಿದ್ದರೆ ಈ ಅನುಮಾನವು ಕೆಡುತ್ತದೆ. ಸಾಧನ ಮೂರಾದರೂ, ದೋಷವಿದೆಯೇ ಎಂದು ನೋಡುವ ಹೊಣೆ ಎಲ್ಲೆಡೆಯೂ ಒಂದೇ.

ಅನುಮಾನಕ್ಕೆ ಪ್ರಾಣ ವ್ಯಾಪ್ತಿ. ಒಂದು ಇದ್ದಲ್ಲಿ ಇನ್ನೊಂದು ತಪ್ಪದೆ ಇರುವ ನಿಯಮವೇ ವ್ಯಾಪ್ತಿ. ಎರಡು ಧರ್ಮಗಳ ನಡುವೆ ಇರಬಹುದಾದ ಸಂಬಂಧವನ್ನು ಟೀಕಾರಾಯರು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಕೆಲವು ಎರಡೂ ಕಡೆ ಸಮ. ಶಾಸ್ತ್ರನಿಷಿದ್ಧವಾದದ್ದೆಲ್ಲ ಪಾಪಸಾಧನ, ಪಾಪಸಾಧನವಾದದ್ದೆಲ್ಲ ನಿಷಿದ್ಧ. ಕೆಲವು ಒಂದೇ ಕಡೆ; ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ. ಕೆಲವು ಒಂದನ್ನೊಂದು ಸೇರಲಾರವು; ಹಸುತನ ಕುದುರೆತನಗಳು ಒಂದೆಡೆ ಇರುವುದಿಲ್ಲ. ಇನ್ನು ಕೆಲವು ಅಲ್ಲಲ್ಲಿ ಕೂಡಿ ಅಲ್ಲಲ್ಲಿ ಅಗಲುತ್ತವೆ. ಇದಕ್ಕೆ ಅವರು ಕೊಟ್ಟ ನಿದರ್ಶನ ಅಡುಗೆ ಮಾಡುವವನು ಮತ್ತು ಗಂಡಸು ಎಂಬುದು. ಉಡುಪಿ ಹೋಟೆಲುಗಳಿಂದ ಹೆಸರಾದ ಈ ನಗರದಲ್ಲಿ ಇದಕ್ಕೆ ವಿವರಣೆ ಬೇಡ. ಹೋಟೆಲಿನ ಅಡುಗೆಮನೆಯಲ್ಲಿ ಅಡುಗೆಯವರೆಲ್ಲ ಗಂಡಸರಾಗಿರಬಹುದು. ಹಾಗೆಂದು ಅಡುಗೆ ಮಾಡುವವರೆಲ್ಲ ಗಂಡಸರೇ ಎಂದರೆ ಮನೆಯಲ್ಲಿರುವ ತಾಯಂದಿರು ನಗುತ್ತಾರೆ. ಗಂಡಸರೆಲ್ಲ ಅಡುಗೆ ಬಲ್ಲವರೆಂದರೆ ಇನ್ನೂ ಹೆಚ್ಚು ನಗುತ್ತಾರೆ.

ನಗು ಬರುವ ಈ ತಪ್ಪನ್ನೇ ನಾವು ಗಂಭೀರ ವಿಷಯಗಳಲ್ಲಿ ಮಾಡುತ್ತೇವೆ. ಅಲ್ಲಲ್ಲಿ ಕೂಡಿ ಕಂಡದ್ದನ್ನು ತಪ್ಪದ ನಿಯಮವೆಂದು ಹಿಡಿಯುತ್ತೇವೆ. ಪರಿಚಿತರಲ್ಲಿ ಇಬ್ಬರು ಒಂದು ವ್ರತವನ್ನು ಮಾಡಿ ನೌಕರಿಯಲ್ಲಿ ಬಡ್ತಿ ಪಡೆದರೆಂದು, ವ್ರತವಿದ್ದಲ್ಲೆಲ್ಲ ಬಡ್ತಿ ಎನ್ನುತ್ತೇವೆ. ವ್ರತ ಮಾಡಿ ಬಡ್ತಿ ಪಡೆಯದವರು, ಬಡ್ತಿ ಪಡೆದರೂ ವ್ರತ ಮಾಡದವರು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಕಡೆಯ ವ್ಯಾಪ್ತಿಯನ್ನು ತಿರುವಿ ಹಾಕುವುದು ಇನ್ನೊಂದು ತಪ್ಪು. ಮಳೆ ಬಂದರೆ ನಾನಾ ಚೌಕದ ರಸ್ತೆ ಒದ್ದೆಯಾಗುವುದು ನಿಜ. ರಸ್ತೆ ಒದ್ದೆಯಾಗಿದೆಯೆಂದು ಮಳೆಯನ್ನು ಸಾಧಿಸಹೊರಟರೆ, ಒಡೆದ ನೀರಿನ ಕೊಳವೆಯು ನಮ್ಮನ್ನು ಸೋಲಿಸುತ್ತದೆ.

ವ್ಯಾಪ್ತಿಯ ಜೊತೆಗೆ ಇನ್ನೊಂದು ಬೇಕು. ನೈಯಾಯಿಕರು ಹೇತುವು ಪಕ್ಷದಲ್ಲಿಯೇ, ಎಂದರೆ ಸಾಧಿಸಬೇಕಾದ ವಿಷಯವಿರುವ ಜಾಗದಲ್ಲಿಯೇ ಇರಬೇಕೆಂದರು. ಹೊಗೆಯೂ ಬೆಂಕಿಯೂ ಒಂದೇ ಬೆಟ್ಟದಲ್ಲಿರುವಾಗ ಇದು ಸರಿ. ಆದರೆ ಕೆಳಗಿನ ಊರಿನಲ್ಲಿ ನದಿ ತುಂಬಿ ಬಂದುದನ್ನು ಕಂಡು ಮೇಲಿನ ಪ್ರದೇಶದಲ್ಲಿ ಮಳೆಯಾಗಿದೆಯೆಂದು ತಿಳಿಯುತ್ತೇವಲ್ಲ. ಅಲ್ಲಿ ಹೇತುವಾದ ಪ್ರವಾಹ ಒಂದೆಡೆ, ಸಾಧ್ಯವಾದ ಮಳೆ ಇನ್ನೊಂದೆಡೆ. ಆದ್ದರಿಂದ ಹೇತುವು ತನಗೆ ಉಚಿತವಾದ ಸ್ಥಳದಲ್ಲಿದ್ದರೆ ಸಾಕೆಂಬುದು ನಮ್ಮ ಸಿದ್ಧಾಂತ. ಇದಕ್ಕೆ ಸಮುಚಿತದೇಶವೃತ್ತಿಯೆಂದು ಹೆಸರು. ಭೀಮಾನದಿಯ ಸೀಮೆಯಲ್ಲಿ ಹುಟ್ಟಿದವರಿಗೆ ದೂರದ ಸಹ್ಯಾದ್ರಿಯ ಮಳೆಯು ತಮ್ಮೂರಿನ ದಡವನ್ನು ಮುಟ್ಟುವುದು ಹೊಸ ಸಂಗತಿಯಾಗಿರಲಾರದು.

ಪರರಿಗೆ ತಿಳಿಸುವಾಗ ಅನುಮಾನವನ್ನು ಎಷ್ಟು ವಾಕ್ಯಗಳಲ್ಲಿ ಹೇಳಬೇಕೆಂಬುದೂ ಅಂದು ದೊಡ್ಡ ಚರ್ಚೆಯಾಗಿತ್ತು. ನೈಯಾಯಿಕರಿಗೆ ಐದು ಅವಯವಗಳು, ಮೀಮಾಂಸಕರಿಗೆ ಮೂರು, ಬೌದ್ಧರಿಗೆ ಎರಡು. ಟೀಕಾರಾಯರು ಈ ಎಣಿಕೆಗೆ ಕಟ್ಟುಬೀಳಲಿಲ್ಲ. ಕೇಳುವವನಿಗೆ ವ್ಯಾಪ್ತಿಯು ಆಗಲೇ ತಿಳಿದಿದ್ದರೆ ಹೇತುವನ್ನು ಹೇಳಿದರೆ ಸಾಕು. ತಿಳಿಯದಿದ್ದರೆ ನಿದರ್ಶನ ಬೇಕು. ಎದುರಿಗಿರುವವನ ಆಕಾಂಕ್ಷೆಯೇ ಮಾತಿನ ಅಳತೆ. ಮಕ್ಕಳೊಡನೆ ಮಾತನಾಡುವ ತಂದೆತಾಯಿಗಳಿಗೆ ಇದಕ್ಕಿಂತ ಉತ್ತಮ ಸೂಚನೆ ಇರಲಾರದು.

ಇನ್ನು ದೋಷಗಳ ವಿಷಯ. ವಾದದಲ್ಲಿ ಸೋಲಿಗೆ ಕಾರಣವಾಗುವ ನಿಗ್ರಹಸ್ಥಾನಗಳನ್ನು ಗೌತಮರ ನ್ಯಾಯಸೂತ್ರವು 22 ಎಂದು ಎಣಿಸಿತು. ನಮ್ಮ ಸಿದ್ಧಾಂತದಲ್ಲಿ ಅವೆಲ್ಲವೂ ಆರರಲ್ಲಿ ಅಡಗುತ್ತವೆ: ವಿರೋಧ, ಅಸಂಗತಿ, ನ್ಯೂನತೆ, ಆಧಿಕ್ಯ, ಸಂವಾದ, ಅನುಕ್ತಿ. ಬಲವಾದ ಪ್ರಮಾಣಕ್ಕೆ ಅಥವಾ ತನ್ನ ಮಾತಿಗೇ ಎದುರಾಗುವುದು ವಿರೋಧ. ಬೆಂಕಿಯೂ ನೀರಿನಂತೆ ಒಂದು ದ್ರವ್ಯವಾದ್ದರಿಂದ ತಣ್ಣಗಿರಬೇಕೆಂದು ಒಬ್ಬನು ಯುಕ್ತಿ ಹೂಡಿದರೆ, ಮುಟ್ಟಿದ ಬೆರಳೇ ಅದನ್ನು ಖಂಡಿಸುತ್ತದೆ. ಯಾವ ಯುಕ್ತಿಯಿಂದಲೂ ಏನನ್ನೂ ಸಾಧಿಸಲಾಗದೆಂದು ಯುಕ್ತಿಯಿಂದಲೇ ಸಾಧಿಸಹೊರಡುವವನು ತನ್ನ ಮಾತಿನಿಂದಲೇ ಬೀಳುತ್ತಾನೆ. ಕೇಳಿದ್ದೊಂದು, ಹೇಳಿದ್ದೊಂದಾಗುವುದು ಅಸಂಗತಿ. ಉಪವಾಸವೇಕೆಂದು ಮಗನು ಕೇಳಿದರೆ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದುದನ್ನು ಎತ್ತಿ ಬೈಯುವುದು ಇದಕ್ಕೆ ಮನೆಮನೆಯ ಉದಾಹರಣೆ. ಬೇಕಾದ ಅಂಶವನ್ನು ಬಿಡುವುದು ನ್ಯೂನತೆ. ಒಂದು ಗಟ್ಟಿ ಕಾರಣ ಸಾಕಾಗಿರುವಲ್ಲಿ ಹತ್ತನ್ನು ಪೇರಿಸುವುದು ಆಧಿಕ್ಯ. ಕೇಳುವವನು ಆ ಹತ್ತರಲ್ಲಿ ದುರ್ಬಲವಾದದ್ದನ್ನೇ ಹಿಡಿದು ಎಳೆಯುತ್ತಾನೆ. ಅರಿವಿಲ್ಲದೆ ಪ್ರತಿವಾದಿಯ ಪಕ್ಷವನ್ನೇ ಒಪ್ಪಿಬಿಡುವುದು ಸಂವಾದ. ಉತ್ತರಿಸಬೇಕಾದಲ್ಲಿ ಸುಮ್ಮನಾಗುವುದು ಅನುಕ್ತಿ.

ಈಗ ಏಕಾದಶಿಯ ಪ್ರಶ್ನೆಗೆ ಬರೋಣ. ಉಪವಾಸದಿಂದ ಹೊಟ್ಟೆಗೆ ವಿಶ್ರಾಂತಿ, ಆದ್ದರಿಂದ ಏಕಾದಶಿ ಎಂದು ನಮ್ಮಲ್ಲಿ ಬಹುಮಂದಿ ಉತ್ತರಿಸುತ್ತಾರೆ. ದೇಹಕ್ಕೆ ಹಿತವೋ ಅಹಿತವೋ ಎಂಬುದು ಪ್ರತ್ಯಕ್ಷಾನುಮಾನಗಳಿಂದ ತಿಳಿಯತಕ್ಕ ವಿಷಯ. ಅದನ್ನು ವೈದ್ಯರು ಪರೀಕ್ಷಿಸಿ ಹೇಳಲಿ. ಆದರೆ ಅದು ಏಕಾದಶಿಯ ಕಾರಣವಲ್ಲ. ಹಿತವೇ ಕಾರಣವಾಗಿದ್ದರೆ ಹನ್ನೊಂದನೆಯ ತಿಥಿಯೇ ಏಕೆ, ಅನುಕೂಲವಾದ ಭಾನುವಾರ ಸಾಲದೇ ಎಂದು ಮಗು ಕೇಳುತ್ತದೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ. ಧರ್ಮಾಧರ್ಮಗಳು ಕಣ್ಣಿಗೆ ಕಾಣತಕ್ಕವಲ್ಲ. ಕಾಣದ ವಿಷಯದಲ್ಲಿ ಆಗಮದ ಆಸರೆಯಿಲ್ಲದ ಬರಿಯ ಯುಕ್ತಿಯನ್ನು ಯಾವ ಕಡೆಗಾದರೂ ಎಳೆಯಬಹುದೆಂಬುದು ನಮ್ಮ ಆಚಾರ್ಯರ ದೃಢವಾದ ನಿಲುವು. ಅಲ್ಲಿ ಪ್ರಮಾಣವು ಶಾಸ್ತ್ರವೇ. ಹರಿಪ್ರೀತಿಗಾಗಿ ಶಾಸ್ತ್ರವು ವಿಧಿಸಿದೆ, ಆದ್ದರಿಂದ ಆಚರಿಸುತ್ತೇವೆ ಎಂದು ನೇರವಾಗಿ ಹೇಳುವುದೇ ಸರಿಯಾದ ಉತ್ತರ. ಶಾಸ್ತ್ರವನ್ನು ಏಕೆ ನಂಬಬೇಕೆಂದು ಮಗು ಮುಂದೆ ಕೇಳಿದರೆ, ಅದು ಉದ್ಧಟತನವಲ್ಲ. ಆಗಮಪರಿಚ್ಛೇದದ ಮೊದಲ ಪ್ರಶ್ನೆಯೇ ಅದು. ಮಾತಿನಲ್ಲಿ ದೋಷ ಬರುವುದು ಆಡುವವನ ಅಜ್ಞಾನದಿಂದ, ವಂಚನೆಯಿಂದ, ಎಚ್ಚರಗೇಡಿತನದಿಂದ; ವೇದಕ್ಕೆ ಕರ್ತೃವಿಲ್ಲವಾದ್ದರಿಂದ ಈ ದೋಷಗಳಿಗೆ ಅಲ್ಲಿ ಎಡೆಯಿಲ್ಲವೆಂದು ನಮ್ಮ ಹಿರಿಯರು ಪ್ರತಿಪಾದಿಸಿದರು. ಅದರ ಮೇಲೂ ಸಂಶಯವಿದ್ದರೆ ಚರ್ಚೆಯನ್ನು ಮುಂದುವರಿಸಬೇಕು, ತಿಳಿದವರ ಬಳಿಗೆ ಕರೆದೊಯ್ಯಬೇಕು.

ವ್ರತಕ್ಕೆ ತನ್ನದಲ್ಲದ ಕಾರಣವನ್ನು ಅಂಟಿಸಿದರೆ, ಆ ಕಾರಣ ಬಿದ್ದ ದಿನ ವ್ರತವೂ ಬೀಳುತ್ತದೆ. ಸತ್ಯವಾದದ್ದನ್ನು ದುರ್ಬಲ ಯುಕ್ತಿಯಿಂದ ಕಾಯಹೊರಡುವವನು ಪ್ರತಿವಾದಿಗಿಂತ ಹೆಚ್ಚಿನ ಹಾನಿಯನ್ನು ಮಾಡುತ್ತಾನೆ. ಇಂದು ವಾಟ್ಸಾಪಿನಲ್ಲಿ ಬರುವ ಸಂದೇಶಗಳಿಗೂ ಇದೇ ಮಾತು ಸಲ್ಲುತ್ತದೆ. ನಮ್ಮ ಧರ್ಮವನ್ನು ಹೊಗಳಿದೆಯೆಂಬ ಒಂದೇ ಕಾರಣಕ್ಕೆ ಅದು ಪ್ರಮಾಣವಾಗುವುದಿಲ್ಲ. ಹೇಳಿದವರು ಯಾರು, ಅವರಿಗೆ ಹೇಗೆ ತಿಳಿಯಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಸಂದೇಶವನ್ನು ನಾಲ್ಕು ಮಂದಿಗೆ ಹಂಚುವುದು ಟೀಕಾರಾಯರ ಶಿಷ್ಯರಿಗೆ ಒಪ್ಪುವ ಕೆಲಸವಲ್ಲ.

ಪರಪಕ್ಷವನ್ನು ಅವರು ಕಂಡ ರೀತಿಯೂ ಸ್ಮರಣೀಯ. ನ್ಯಾಯಸುಧೆಯಲ್ಲಿ ವಾಚಸ್ಪತಿಮಿಶ್ರರು, ಉದಯನರು, ಶ್ರೀಹರ್ಷರು ಮೊದಲಾದ ಮಹಾಪಂಡಿತರ ವಾದಗಳು ವಿಮರ್ಶೆಗೆ ಬರುತ್ತವೆ. ಖಂಡನೆಗೆ ಮೊದಲು ಪೂರ್ವಪಕ್ಷವು ತನ್ನ ಪೂರ್ಣ ಬಲದೊಡನೆ ಬಂದು ನಿಲ್ಲುತ್ತದೆ. ಓದುವವನಿಗೆ ಇದಕ್ಕೆ ಉತ್ತರವೇ ಇಲ್ಲವೇನೋ ಎಂದು ಅಳುಕು ಹುಟ್ಟುವವರೆಗೆ ಅದನ್ನು ಬೆಳೆಸಿ, ಆಮೇಲೆ ಒಂದೊಂದೇ ಎಳೆಯನ್ನು ಬಿಡಿಸುತ್ತಾರೆ. ಎದುರಾಳಿಯ ಮಾತನ್ನು ತಿರುಚಿ, ಕುಗ್ಗಿಸಿ ಗೆಲ್ಲುವುದು ಗೆಲುವಲ್ಲ. ವಾದ, ಜಲ್ಪ, ವಿತಂಡೆಗಳೆಂದು ಕಥೆಯು ಮೂರು ವಿಧ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ಮಾತ್ರ ವಾದ. ಗುರುಶಿಷ್ಯರ ನಡುವೆ ನಡೆಯತಕ್ಕದ್ದು ಅದೇ. ತಂದೆಮಕ್ಕಳ ನಡುವೆ ಊಟದ ಹೊತ್ತಿನಲ್ಲಿ ನಡೆಯುವ ಚರ್ಚೆಯೂ ವಾದವಾಗಬೇಕು. ಗೆಲ್ಲಬೇಕೆಂಬ ಹಟ ಬಂದೊಡನೆ ಅದು ಜಲ್ಪವಾಗುತ್ತದೆ.

ಟೀಕಾರಾಯರು ಹಾಕಿಕೊಟ್ಟ ಈ ಮಾರ್ಗವು ಮುಂದೆ ಹೆದ್ದಾರಿಯಾಯಿತು. ಶ್ರೀ ವ್ಯಾಸರಾಜರು ತರ್ಕತಾಂಡವದಲ್ಲಿ ನವ್ಯನ್ಯಾಯವನ್ನೇ ಒರೆಗೆ ಹಚ್ಚಿದರು. ಶ್ರೀ ರಾಘವೇಂದ್ರಸ್ವಾಮಿಗಳು ನ್ಯಾಯಸುಧೆಗೆ ಪರಿಮಳವನ್ನು ಬರೆದು ಪರಿಮಳಾಚಾರ್ಯರೆನಿಸಿದರು. ಮಂತ್ರಾಲಯಕ್ಕೆ ಹರಕೆ ಹೊತ್ತು ಹೋಗುವ ನಾವು, ರಾಯರು ತಮ್ಮ ಆಯುಷ್ಯವನ್ನು ಯಾವ ಗ್ರಂಥದ ಸೇವೆಯಲ್ಲಿ ಸವೆಸಿದರೆಂಬುದನ್ನೂ ನೆನೆಯಬೇಕು. ಮುಂಬಯಿಗೂ ಈ ಪರಂಪರೆಯಲ್ಲಿ ಪಾಲುಂಟು. ಗ್ರಾಂಟ್ ರೋಡಿಗೆ ದೂರವಲ್ಲದ ಕಾಲಬಾದೇವಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ, ಕುಂಭಕೋಣದ ಟಿ. ಆರ್. ಕೃಷ್ಣಾಚಾರ್ಯರು ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಧ್ವಶಾಸ್ತ್ರದ ಗ್ರಂಥಗಳನ್ನು ಅಚ್ಚು ಹಾಕಿಸಿದರು. ತಾಳೆಗರಿಯಲ್ಲಿದ್ದ ಶಾಸ್ತ್ರವು ಈ ನಗರದ ಅಚ್ಚಿನಿಂದ ದಕ್ಷಿಣದ ಮನೆಗಳಿಗೆ ತಲುಪಿತು. ಮುಲುಂಡಿನ ಸತ್ಯಧ್ಯಾನ ವಿದ್ಯಾಪೀಠದಲ್ಲಿ ಸುಧೆಯ ಪಾಠವು ನಡೆದುಬಂದಿದೆ.

ಸುಧೆಯನ್ನು ಓದುವ ಭಾಗ್ಯವನ್ನು ರಾಜ್ಯವಾಳುವ ಭಾಗ್ಯಕ್ಕೆ ಸಮವೆಂದು ಹಿಂದಿನವರು ಹೇಳುತ್ತಿದ್ದರು. ಅಧಿಕಾರದ ಮನೆತನವನ್ನು ತೊರೆದು ಲೇಖನಿಯನ್ನು ಹಿಡಿದವರ ಗ್ರಂಥಕ್ಕೆ ಆ ಮಾತು ತಕ್ಕದ್ದೇ. ನಮಗೆ ಸುಧೆಯಷ್ಟು ದೂರ ಹೋಗಲು ಆಗದಿರಬಹುದು. ಆದರೆ ಈ ಆರಾಧನೆಯಿಂದ ಮೊದಲುಗೊಂಡು, ವಾರಕ್ಕೊಂದು ದಿನ ಮನೆಮಂದಿಯೆಲ್ಲ ಕುಳಿತು, ಬಲ್ಲವರಿಂದ ಕೇಳಿ ಪ್ರಮಾಣಪದ್ಧತಿಯ ನಾಲ್ಕು ಸಾಲುಗಳನ್ನಾದರೂ ತಿಳಿಯುವುದು ಅಸಾಧ್ಯವಲ್ಲ. ಮಕ್ಕಳು ಪ್ರಶ್ನೆ ಕೇಳಿದಾಗ ಮೊದಲು ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿಸಿಕೊಳ್ಳೋಣ. ಅದು ಯಾವ ಪ್ರಮಾಣಕ್ಕೆ ಸೇರಿದ್ದೆಂದು ನೋಡೋಣ. ತಿಳಿದಷ್ಟನ್ನು ಹೇಳಿ, ತಿಳಿಯದಲ್ಲಿ ಕೇಳಿ ಹೇಳುತ್ತೇವೆಂದು ಒಪ್ಪಿಕೊಳ್ಳೋಣ. ಕೇಳಲು ಹೆದರದ ಮಗುವು ಮನೆಯ ಆಚಾರವನ್ನು ತಿಳಿದು ಉಳಿಸಿಕೊಳ್ಳುತ್ತದೆ. ಇದಕ್ಕಿಂತ ಮಿಗಿಲಾದ ಪಾದಪೂಜೆಯನ್ನು ಟೀಕಾರಾಯರು ನಮ್ಮಿಂದ ನಿರೀಕ್ಷಿಸಲಾರರು.

ಶ್ರೀಕೃಷ್ಣಾರ್ಪಣಮಸ್ತು.